ಹಳಿ ಮುಗಿದಲ್ಲಿ ಹೊಳೆ

ಹೊಳಲ್ಕೆರೆಗೆ ಸಮುದ್ರ ಬಲು ದೂರ. ಕೆರೆ, ಅಡಿಕೆ ತೋಟ, ಬಯಲು, ಬಿಟ್ಟರೆ ರೈಲು. ಬೆಂಗಳೂರಿನಿಂದ ಹರಿಹರದ ಕಡೆಗೆ 1880ರ ದಶಕದಲ್ಲಿ ಹಾಕಿದ ಹಳಿ ನಮ್ಮೂರನ್ನು ಹಾದು ಹೋಗುತ್ತದೆ. ಪಕ್ಕದ ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಚಿತ್ರದುರ್ಗದ ಕಡೆಗೆ ಒಂದು ಕವಲು ಒಡೆಯುತ್ತದೆ. ಈ ಹಳಿ ಹಿಡಿದು ನೀರಿನ ದಡದವರೆಗೂ ಹೋಗುವುದು, ಅಲ್ಲಿ ಇಳಿದು ದೋಣಿಯನ್ನೋ ಲಾಂಚನ್ನೋ ಹತ್ತುವುದು ನನ್ನ ಬಹುಕಾಲದ ಖಯಾಲಿ. ರೈಲೊಂದೇ ಆದರೆ ಅರ್ಧ ಸಂತೋಷ, ದೋಣಿಯೊಂದೇ ಆದರೂ ಅರ್ಧವೇ. ಒಂದರಿಂದ ಇಳಿದು ಇನ್ನೊಂದನ್ನು ಹತ್ತುವ ಆ ಹೊತ್ತು ಇದೆಯಲ್ಲ, ನನಗೆ ಬೇಕಾದ್ದು ಅದು.

ಶರಾವತಿಯ ಕಡೆಗೆ ಹೋಗಲು ಬೀರೂರಿನಲ್ಲಿ ಗಾಡಿ ಬದಲಿಸಬೇಕು. ಅಲ್ಲಿಂದ ಶಿವಮೊಗ್ಗಕ್ಕೆ 1899ರಲ್ಲೇ ರೈಲು ಬಂದಿತ್ತು. ತಾಳಗುಪ್ಪ ಮುಟ್ಟಲು ಮತ್ತೆ ನಾಲ್ಕು ದಶಕ ಹಿಡಿಯಿತು. ಮೀಟರ್ ಗೇಜ್ ಕಾಲದ ಕೊನೆಯ ವರ್ಷಗಳಲ್ಲಿ ಶಿವಮೊಗ್ಗ–ತಾಳಗುಪ್ಪದ ನಡುವೆ ರೈಲ್ ಬಸ್ ಓಡುತ್ತಿತ್ತು. ಹೆಸರಿಗೆ ತಕ್ಕಂತೆ ಹಳಿಯ ಮೇಲಿನ ಬಸ್ಸೇ ಅದು, ಕಾಡಿನ ನಡುವೆ ಗಡಗಡ ಸದ್ದು ಮಾಡುತ್ತ ಸಾಗುತ್ತಿತ್ತು. 2011ರಲ್ಲಿ ಬ್ರಾಡ್ ಗೇಜ್ ಬಂತು, ದೊಡ್ಡ ರೈಲುಗಳು ಬಂದವು. ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿದು ಆವಿನಹಳ್ಳಿ ಮೇಲೆ ಹೋಗುವ ಬಸ್ಸು ಹಿಡಿದರೆ ಹೊಳೆಬಾಗಿಲು. ಅಲ್ಲಿಂದ ಮುಂದಕ್ಕೆ ಶರಾವತಿಯ ಹಿನ್ನೀರು.

ಆ ಹಿನ್ನೀರನ್ನು ದಾಟಿಸುತ್ತಿದ್ದ ಲಾಂಚಿನ ಸೊಗಸನ್ನು ಎಷ್ಟು ಹೇಳಿದರೂ ಸಾಲದು. ಬಸ್ಸು, ಜೀಪು, ಬೈಕುಗಳು ಒಂದೊಂದಾಗಿ ಹಲಗೆಯ ಮೇಲಿಂದ ಒಳಗೆ ಬರುತ್ತಿದ್ದವು. ಪ್ರತಿ ಗಾಡಿಯ ಭಾರಕ್ಕೂ ಲಾಂಚು ಒಂದಿಷ್ಟು ಕುಗ್ಗಿ ಮತ್ತೆ ನೆಟ್ಟಗಾಗುತ್ತಿತ್ತು. ಸಿಬ್ಬಂದಿ ಕೈಸನ್ನೆಯಲ್ಲೇ ಬಸ್ಸನ್ನು ನಡುವಿಗೆ, ಕಾರುಗಳನ್ನು ಆಚೀಚೆಗೆ ನಿಲ್ಲಿಸಿ ತೂಕ ಸರಿಮಾಡುತ್ತಿದ್ದರು. “ಯಜಮಾನ್ರೇ, ಆ ಕಡೆ ಸ್ವಲ್ಪ ಸರೀರಿ” ಎಂದು ನನ್ನನ್ನೂ ಆ ಲೆಕ್ಕಕ್ಕೆ ಸೇರಿಸುತ್ತಿದ್ದರು. ಸಿಗಂದೂರಿಗೆ ಹೊರಟ ಭಕ್ತರು, ತುಮರಿಯ ಶಾಲೆಯ ಮಕ್ಕಳು, ಪೇಟೆಯಿಂದ ಗೊಬ್ಬರದ ಚೀಲ ತಂದವರು ಎಲ್ಲರೂ ಕಂಬಿ ಹಿಡಿದು ಸಾಲಾಗಿ ನಿಂತಿರುತ್ತಿದ್ದರು. ಮಳೆ ಕೈಕೊಟ್ಟ ವರ್ಷದ ಬೇಸಿಗೆಯಲ್ಲಿ ಹಿನ್ನೀರು ಇಳಿದು, ಮುಳುಗಿಹೋದ ಹಳೆಯ ಹಿರೇಭಾಸ್ಕರ ಅಣೆಕಟ್ಟು ತಲೆ ಎತ್ತುತ್ತದೆ. ಅಂಥ ಕಾಲದಲ್ಲಿ ಲಾಂಚಿಗೇ ಗಾಡಿ ಹೊರುವಷ್ಟು ನೀರಿರುತ್ತಿರಲಿಲ್ಲ.

ನನಗೆ ಆ ಲಾಂಚು ವಿಹಾರವಾಗಿತ್ತು. ಹಿನ್ನೀರಿನಾಚೆಯ ಕರೂರು ಸೀಮೆಯವರಿಗೆ ಅದೇ ದಾರಿಯಾಗಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ನಾಡಿಗೆಲ್ಲ ಬೆಳಕು ಕೊಟ್ಟ ನೀರೇ ಅವರನ್ನು ಆಚೆ ದಡದಲ್ಲಿ ಉಳಿಸಿತು. ಕತ್ತಲಾದರೆ ಲಾಂಚಿರುತ್ತಿರಲಿಲ್ಲ. ಹೆರಿಗೆ ನೋವು, ಹಾವು ಕಡಿತ ಹೊತ್ತು ನೋಡಿ ಬರುತ್ತವೆಯೇ? ಆದ್ದರಿಂದ 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಸುಮಾರು 2.4 ಕಿ.ಮೀ. ಉದ್ದದ ಸೇತುವೆ ತೆರೆದಾಗ ನಾನು ಮನಸಾರೆ ಸಂತೋಷಪಟ್ಟೆ. ಆರು ದಶಕ ಕಾದವರ ಸೇತುವೆ ಅದು.

ಇನ್ನು ಆ ಲಾಂಚಿನ ಗತಿಯೇನು ಎಂದು ಯೋಚಿಸುವಾಗ, ಜಪಾನಿನ ಅಓಮೊರಿಗೆ ಹೋಗಿದ್ದಾಗ ಕಂಡದ್ದು ಮತ್ತೆ ಮತ್ತೆ ನೆನಪಾಗುತ್ತದೆ. ಹೊನ್ಶು ಮತ್ತು ಹೊಕ್ಕೈದೊ ದ್ವೀಪಗಳ ನಡುವೆ, ಅಓಮೊರಿಯಿಂದ ಹಕೊದಾತೆಗೆ, 1908ರಿಂದ ರೈಲ್ವೆಯದೇ ಹಡಗುಗಳು ಓಡಿದವು. ಮುಂದೆ ರೈಲಿನ ಬೋಗಿಗಳನ್ನೇ ಹೊಟ್ಟೆಯೊಳಗೆ ಇಟ್ಟುಕೊಂಡು ದಾಟುವ ಹಡಗುಗಳು ಬಂದವು. 1954ರ ಚಂಡಮಾರುತದಲ್ಲಿ ತೋಯಾ ಮಾರು ಹಡಗು ಮುಳುಗಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಕಡಲಡಿಯ ಸುರಂಗ ಬೇಕೇ ಬೇಕೆಂಬ ಕೂಗಿಗೆ ಆ ದುರಂತ ಬಲ ತಂದಿತು. 53.85 ಕಿ.ಮೀ. ಉದ್ದದ ಸೆಯ್ಕಾನ್ ಸುರಂಗದಲ್ಲಿ 1988ರ ಮಾರ್ಚ್ 13ರಂದು ರೈಲು ಓಡಿತು; ರೈಲು ಹಡಗುಗಳ ನಿತ್ಯದ ಸಂಚಾರ ಅದೇ ದಿನ ನಿಂತಿತು. ಆದರೆ ಹಕ್ಕೋದಾ ಮಾರು ಎಂಬ ಹಡಗು ಇಂದಿಗೂ ಅಓಮೊರಿ ನಿಲ್ದಾಣದ ಬಳಿಯಲ್ಲೇ ನಿಂತಿದೆ. ಕೆಳಗಿನ ಅಂತಸ್ತಿಗೆ ಇಳಿದರೆ ಹಡಗಿನೊಳಗೆ ಹಳಿ, ಹಳಿಯ ಮೇಲೆ ನಿಜವಾದ ಬೋಗಿ! ಅದರ ಕಬ್ಬಿಣವನ್ನು ಮುಟ್ಟಿ ಮುಟ್ಟಿ ನೋಡಿದೆ. ಎಂಜಿನ್ ಕೋಣೆಗೂ ಹೋದೆ. ಜೊತೆಗೆ ಬಂದವರು ಊಟದ ಹೊತ್ತಾಯಿತೆಂದು ಕರೆಯುವವರೆಗೂ ಹೊರಗೆ ಬರಲಿಲ್ಲ.

ನಮ್ಮಲ್ಲೂ ಹೀಗೆ ಉಳಿಸಿಡುವ ಕೆಲಸ ಆಗಬೇಕು. ಮೈಸೂರಿನ ರೈಲ್ವೆ ಮ್ಯೂಸಿಯಂ 1979ರಿಂದ ಹಳೆಯ ಉಗಿಬಂಡಿಗಳನ್ನು, ಮಹಾರಾಣಿಯವರ ಸಲೂನನ್ನು ಕಾಪಾಡಿಕೊಂಡು ಬಂದಿದೆ. ಹಾಗೆಯೇ ಹೊಳೆಬಾಗಿಲಿನ ಒಂದು ಲಾಂಚನ್ನು ದಡದಲ್ಲಿ ನಿಲ್ಲಿಸಿ, ಅದನ್ನು ನಡೆಸಿದವರಿಂದಲೇ ಅದರ ಕತೆ ಹೇಳಿಸಬೇಕು. ಮುಳುಗಿದ ಊರುಗಳ ಹೆಸರುಗಳೂ ಅದರೊಳಗೆ ಇರಬೇಕು.

ನನ್ನ ಪಯಣವಂತೂ ನಿಂತಿಲ್ಲ. ಮಳೆ ಮುಗಿದ ಮೇಲೆ ಕೊಂಕಣ ರೈಲಿನಲ್ಲಿ ಹೊನ್ನಾವರದ ಹತ್ತಿರ ಎರಡು ಕಿ.ಮೀ.ಗೂ ಉದ್ದದ ಸೇತುವೆಯ ಮೇಲೆ ಇದೇ ಶರಾವತಿಯನ್ನು ದಾಟಿ ಕುಮಟೆಯಲ್ಲಿ ಇಳಿಯುತ್ತೇನೆ. ಅಲ್ಲಿಂದ ಅಘನಾಶಿನಿ ಊರಿಗೆ ಹೋಗಿ, ತದಡಿಗೆ ದಾಟುವ ದೋಣಿ ಹತ್ತಬೇಕು. ಬೈಕನ್ನೂ ಏರಿಸಿಕೊಳ್ಳುವ ದೋಣಿ ಅದು.