ವೋಲ್ಟೇಜಿನ ಗೊಡವೆ

ಎಎಂಡಿಯ ಎಎಂ4 ಸಾಕೆಟ್ಟಿನ ಹಳೆಯ ಯಂತ್ರವನ್ನು ಮಗಳಿಗೆ ಬಿಟ್ಟುಕೊಟ್ಟು ನನಗೊಂದು ಹೊಸದು ಜೋಡಿಸಿಕೊಳ್ಳಲು ಹೊರಟಿದ್ದೇನೆ. ಕೊಳ್ಳುವ ಮುಂಚಿನ ಈ ದಿನಗಳೇ ನನಗೆ ಬಲು ಇಷ್ಟ: ಸಾಕೆಟ್ ಯಾವುದು, ಪ್ರೊಸೆಸರಿಗೆ ವೋಲ್ಟೇಜ್ ಒದಗಿಸುವ ವಿಆರ್‌ಎಂ ಹೇಗಿದೆ, ಬಯಾಸ್‌ನಲ್ಲಿ ಏನೇನು ತಿದ್ದಲು ಬಿಡುತ್ತಾರೆ ಎಂದು ಕೈಪಿಡಿ ತಿರುವುತ್ತ ಕೂರುವುದು. ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ, ‘ಎಕ್ಸ್‌ಪೋ ಆನ್ ಮಾಡಿದ್ರೆ ಈ ಬೋರ್ಡು ಎಸ್‌ಒಸಿಗೆ ಎಷ್ಟು ವೋಲ್ಟ್ ಕೊಡುತ್ತಪ್ಪಾ?’ ಎಂದು ಕೇಳಿದೆ. ‘ಅದೆಲ್ಲ ಆಟೋ ಸಾರ್, ತಲೆ ಕೆಡಿಸ್ಕೋಬೇಡಿ’ ಎಂದ ಹುಡುಗ. ನನ್ನ ತಲೆ ಕೆಟ್ಟದ್ದೇ ಆ ಮಾತಿಗೆ.

2023ರ ಏಪ್ರಿಲ್‌ನಲ್ಲಿ ರೈಜೆನ್ 7800ಎಕ್ಸ್3ಡಿಗಳು ಸಾಕೆಟ್ಟಿನಲ್ಲೇ ಸುಟ್ಟು ಉಬ್ಬಿದ ಸುದ್ದಿ ಬಂದಾಗ ಅಲ್ಲಿದ್ದದ್ದೂ ಇದೇ ಆಟೋ. ರ‍್ಯಾಮ್ ವೇಗಕ್ಕೆಂದು ಎಕ್ಸ್‌ಪೋ ಒತ್ತಿದರೆ ಕೆಲವು ಬೋರ್ಡುಗಳು ಪ್ರೊಸೆಸರಿನಲ್ಲಿ ಮೆಮೊರಿ ನಿಯಂತ್ರಿಸುವ ಭಾಗದ, ಅಂದರೆ ಎಸ್‌ಒಸಿಯ, ವೋಲ್ಟೇಜನ್ನೂ ತಾವಾಗಿಯೇ ಏರಿಸುತ್ತಿದ್ದವು. ಕೊನೆಗೆ ಎಎಂಡಿ 1.3 ವೋಲ್ಟಿಗೆ ಬೇಲಿ ಹಾಕಿತು. ಇಂಟೆಲ್ ಕಡೆ ಹೋಗೋಣವೆಂದರೆ 13 ಮತ್ತು 14ನೇ ಪೀಳಿಗೆಯ ಕಥೆ: ಮೈಕ್ರೋಕೋಡೇ ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿತ್ತೆಂದು ಕಂಪನಿ 2024ರ ಜುಲೈನಲ್ಲಿ ಹೇಳಿತು, ಆಗಸ್ಟ್‌ನಲ್ಲಿ 1.55 ವೋಲ್ಟ್ ಮಿತಿ ಬಂತು. ಅಷ್ಟರಲ್ಲಿ ಹಾಳಾದ ಚಿಪ್ಪು ಯಾವ ತಿದ್ದುಪಡಿಗೂ ವಾಸಿಯಾಗದು. ವಿದ್ಯುತ್ ಮಿತಿ 253 ವಾಟ್ ಇರಬೇಕಾದ ಕಡೆ 4096 ವಾಟ್ ಎಂದು ತುಂಬಿಟ್ಟ ಬೋರ್ಡುಗಳೂ ಇದ್ದವು. ಅದು ಮಿತಿಯೇ ಅಲ್ಲ. ಬೆಂಚ್‌ಮಾರ್ಕಿನಲ್ಲಿ ಪಕ್ಕದ ಕಂಪನಿಯ ಬೋರ್ಡಿಗಿಂತ ಕೂದಲೆಳೆ ಮುಂದೆ ಕಾಣಲು ಕೊಂಡವನ ಪ್ರೊಸೆಸರನ್ನು ಪಣಕ್ಕಿಟ್ಟದ್ದು.

ಕಂಪನಿಗಳು ಹೋಗಲಿ, ನಮ್ಮವರೇ ಆದ ಓವರ್‌ಕ್ಲಾಕಿಂಗ್ ಗೆಳೆಯರ ಮೇಲೆ ನನಗೆ ಇನ್ನೂ ಸಿಟ್ಟು. ಲೋಡ್ ಬಿದ್ದೊಡನೆ ವೋಲ್ಟೇಜ್ ಇಳಿಯುವುದನ್ನು ಇವರಿಂದ ನೋಡಲಾಗುವುದಿಲ್ಲ. ಆ ಇಳಿತವನ್ನು ತಗ್ಗಿಸುವ ಲೋಡ್‌ಲೈನ್ ಕ್ಯಾಲಿಬ್ರೇಷನ್ ಅನ್ನು ತುತ್ತತುದಿಗೆ ಏರಿಸಿ, ‘ನೋಡಿ, ಗೆರೆ ಎಷ್ಟು ನೆಟ್ಟಗಿದೆ’ ಎನ್ನುತ್ತಾರೆ. ಆ ಇಳಿತ ದೋಷವಲ್ಲ ಮಹರಾಯರೇ, ಬೇಕೆಂದೇ ಇಟ್ಟದ್ದು! ಲೋಡ್‌ಲೈನ್ 1 ಮಿಲಿಓಮ್ ಇದ್ದು 200 ಆಂಪಿಯರ್ ಹರಿದರೆ 0.2 ವೋಲ್ಟ್ ಇಳಿಯಬೇಕು. ಲೋಡ್ ತಟ್ಟನೆ ಬಿಟ್ಟಾಗ ವೋಲ್ಟೇಜ್ ಮೇಲಕ್ಕೆ ಚಿಮ್ಮುತ್ತದಲ್ಲ, ಆ ಚಿಮ್ಮುವಿಕೆಗೆ ಈ ಇಳಿತವೇ ಜಾಗ ಬಿಟ್ಟಿರುತ್ತದೆ. ಇಳಿತವನ್ನು ಅಳಿಸಿಹಾಕಿದರೆ ಚಿಮ್ಮಿದ್ದು ನೇರ ಮಿತಿಯನ್ನೇ ದಾಟಬಹುದು. ಅದು ಮೈಕ್ರೋಸೆಕೆಂಡುಗಳ ಆಟ. ಸೆಕೆಂಡಿಗೊಮ್ಮೆ ಇಣುಕುವ ಸಾಫ್ಟ್‌ವೇರಿಗೆ ಕಾಣುವುದೇ ಇಲ್ಲ. ಆಸಿಲೋಸ್ಕೋಪ್ ಇಲ್ಲದೆ ನೆಟ್ಟಗಿನ ಗೆರೆಯ ಹೆಮ್ಮೆ ಪಡುವವರ ಮಾತು ನಂಬಿ ಹೊಸಬರೂ ಹಾಗೇ ಮಾಡುತ್ತಾರೆ. ಇದು ನನಗೆ ಸಹಿಸಲಾಗದ ಸಂಗತಿ.

ಸುಖವಿರುವುದು ಏರಿಸುವುದರಲ್ಲಿ ಅಲ್ಲ, ಇಳಿಸುವುದರಲ್ಲಿ. ಚಿಪ್ಪು ಉಣ್ಣುವ ವಿದ್ಯುತ್ತು ಹೆಚ್ಚುಕಡಿಮೆ ವೋಲ್ಟೇಜಿನ ವರ್ಗಕ್ಕೆ ಅನುಗುಣ. ಅದೇ ವೇಗದಲ್ಲಿ 1.3ರಿಂದ 1.2ಕ್ಕೆ ತಂದರೆ ಸುಮಾರು ಶೇ. 15 ಉಳಿತಾಯ. ವೋಲ್ಟೇಜ್ ತಿದ್ದಲೆಂದು ಎಎಂಡಿ ಕೊಡುವ ಕರ್ವ್ ಆಪ್ಟಿಮೈಜರ್‌ನಲ್ಲಿ ಒಂದೊಂದು ಕೋರನ್ನೂ ಬೇರೆ ಬೇರೆಯಾಗಿ ಮೈನಸ್ ಕಡೆಗೆ ಸರಿಸುತ್ತ, ಯಾವುದು ಎಲ್ಲಿಯವರೆಗೆ ತಡೆಯುತ್ತದೆ ಎಂದು ರಾತ್ರಿಯಿಡೀ ಪರೀಕ್ಷೆಗೆ ಹಚ್ಚಿ ಬೆಳಿಗ್ಗೆ ಎದ್ದು ನೋಡುವುದಿದೆಯಲ್ಲ! ಒಂದೇ ಚಿಪ್ಪಿನ ಎಂಟು ಕೋರುಗಳಿಗೂ ಎಂಟು ಸ್ವಭಾವ. ಒಂದು ಮೈನಸ್ 30ಕ್ಕೂ ಜಗ್ಗದು, ಇನ್ನೊಂದು 12ಕ್ಕೇ ಕೈಚೆಲ್ಲುತ್ತದೆ. ಮಾರ್ಚ್ ಬಿಸಿಲಲ್ಲೂ ಫ್ಯಾನ್ ಸದ್ದು ಅಡಗಿದಾಗ ಆಗುವ ಹಿಗ್ಗು ಯಾವ ಅಂಕಪಟ್ಟಿಯಿಂದಲೂ ಬಾರದು.

ಹಾಗಾಗಿ ಎಎಂಡಿಯ ಎಎಂ5 ಸಾಕೆಟ್ಟೇ ಎಂದು ತೀರ್ಮಾನಿಸಿದ್ದೇನೆ. 2027ರವರೆಗಾದರೂ ಈ ಸಾಕೆಟ್ಟನ್ನು ನಡೆಸುವ ಮಾತು ಎಎಂಡಿ ಕೊಟ್ಟಿದೆ. ಇಂಟೆಲ್‌ನ ಎಲ್‌ಜಿಎ1700 ಸಾಕೆಟ್ಟಿನ ದಾರಿ 14ನೇ ಪೀಳಿಗೆಗೆ ಮುಗಿಯಿತು. ಬೋರ್ಡಿನ ವಿಷಯಕ್ಕೆ ನನ್ನದೊಂದೇ ಹಟ: ಪ್ರೊಸೆಸರ್ ಇಲ್ಲದೆಯೂ ಬಯಾಸ್ ತುಂಬುವ ಫ್ಲ್ಯಾಶ್‌ಬ್ಯಾಕ್ ಗುಂಡಿ ಇರಬೇಕು. ಹೊಸ ಬಯಾಸ್ ಹಾಕಿ, ಎಸ್‌ಒಸಿಯನ್ನು 1.2ಕ್ಕೆ ಕೈಯಾರೆ ಕಟ್ಟಿ, ಆಮೇಲೆ ಎಕ್ಸ್‌ಪೋ.