ಎರಡು ನಿಮಿಷದ ಆಕಾಶಯಾನ

ವಿಮಾನ ಪ್ರಯಾಣವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ದೂರದ ಕಲ್ಪನೆ. ಸಾವಿರಾರು ಮೈಲಿಗಳ ಕಡಲು, ಕಿಟಕಿಯಾಚೆಯ ಮೋಡ, ನಡುವೆ ಒಂದು ಸಣ್ಣ ನಿದ್ದೆ. ಆದರೆ ಪ್ರಯಾಣಿಕನು ಪಟ್ಟಿ ಬಿಗಿದುಕೊಂಡು ಹೊರಗೆ ಕಣ್ಣು ಹಾಯಿಸುವಷ್ಟರಲ್ಲಿ ಮುಗಿದೇ ಹೋಗುವ ವಿಮಾನಯಾನವೊಂದು ಉಂಟೆಂದರೆ ಓದುಗರು ನಂಬುವರೇ?

ಸ್ಕಾಟ್ಲೆಂಡಿನ ಉತ್ತರದ ತುದಿಯಾಚೆ ಚದುರಿಬಿದ್ದಿರುವ ಆರ್ಕ್ನಿ ದ್ವೀಪಸ್ತೋಮದಲ್ಲಿ ವೆಸ್ಟ್ರೆ, ಪಾಪಾ ವೆಸ್ಟ್ರೆ ಎಂಬ ಎರಡು ದ್ವೀಪಗಳಿವೆ. 2011ರ ಜನಗಣತಿಯಂತೆ ಮೊದಲನೆಯದರಲ್ಲಿ 588 ಜನ, ಎರಡನೆಯದರಲ್ಲಿ 90 ಜನ. ಇವುಗಳ ವಿಮಾನ ನಿಲ್ದಾಣಗಳ ನಡುವಣ ಅಂತರ ಕೇವಲ 2.7 ಕಿಲೋಮೀಟರು. ನಮ್ಮ ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ಓಡುದಾರಿಯೊಂದೇ 4 ಕಿಲೋಮೀಟರು ಉದ್ದವಿದೆಯೆಂಬುದನ್ನು ನೆನೆದರೆ ಈ ಯಾನದ ಪ್ರಮಾಣ ಮನದಟ್ಟಾದೀತು. ವೇಳಾಪಟ್ಟಿಯಲ್ಲಿ ಇದಕ್ಕೆ 2 ನಿಮಿಷ. ಗಾಳಿ ಒಲಿದ ಒಂದು ದಿನ 53 ಸೆಕೆಂಡಿನಲ್ಲಿಯೇ ಮುಗಿದದ್ದೂ ಉಂಟು. ಕಾಲನಿಯಮದಂತೆ ಸಂಚರಿಸುವ ವಿಮಾನಗಳಲ್ಲಿ ಜಗತ್ತಿನ ಅತ್ಯಂತ ಕಿರಿದಾದ ಯಾನವಿದು. 1967ರಲ್ಲಿ ಆರಂಭವಾಯಿತು.

ಊರಿಗೆ ಮರಳಿ ಹೇಳಿಕೊಳ್ಳಲು ಒಂದು ತಮಾಷೆ ಸಿಕ್ಕೀತೆಂಬ ಆಸೆಯಿಂದಲೇ ನಾನು ಅಲ್ಲಿಗೆ ಹೋದೆನೆಂದು ಒಪ್ಪಿಕೊಳ್ಳುತ್ತೇನೆ. ಕರ್ಕ್‌ವಾಲ್ ಪಟ್ಟಣದಿಂದ ಹೊರಟ ವಿಮಾನವೋ, ಬೆರಳೆಣಿಕೆಯ ಪ್ರಯಾಣಿಕರು ಹಿಡಿಸುವ ಪುಟ್ಟ ವಾಹನ. ಚಾಲಕನ ಬೆನ್ನು ಕೈಗೆಟಕುವಷ್ಟು ಹತ್ತಿರ. ವೆಸ್ಟ್ರೆಯಲ್ಲಿ ಇಳಿದು ಮತ್ತೆ ಮೇಲೆದ್ದಾಗ ನಾನು ಗಡಿಯಾರ ಹಿಡಿದು ಎಣಿಸತೊಡಗಿದೆ. ಕೆಳಗೆ ಬೂದುಬಣ್ಣದ ಕಡಲು ಒಮ್ಮೆ ಮಿನುಗಿತು. ಹಸುರು ಹೊಲಗಳು ಎದುರು ಬಂದವು. ಚಕ್ರಗಳು ನೆಲ ಮುಟ್ಟಿದವು.

"ಎಷ್ಟಾಯಿತು?" ಎಂದು ಪಕ್ಕದ ವೃದ್ಧೆ ನಗುತ್ತ ಕೇಳಿದಳು.

"ತೊಂಬತ್ತು ಸೆಕೆಂಡು" ಎಂದೆ.

ಕಣ್ಣಿನ ಪರೀಕ್ಷೆಗೆಂದು ಕರ್ಕ್‌ವಾಲಿಗೆ ಹೋಗಿ ಮನೆಗೆ ಮರಳುತ್ತಿದ್ದವಳು ಆಕೆ. "ಒಂದು ಚಳಿಗಾಲದಲ್ಲಿ ನನಗೆ ಇದೇ ದಾರಿಗೆ ಮೂರು ದಿನ ಹಿಡಿಯಿತು. ಬಿರುಗಾಳಿ. ವಿಮಾನವೂ ಇಲ್ಲ, ದೋಣಿಯೂ ಇಲ್ಲ. ವೆಸ್ಟ್ರೆಯ ನೆಂಟರ ಮನೆಯಿಂದ ನಮ್ಮ ದ್ವೀಪ ಕಾಣುತ್ತಿತ್ತು, ಮನೆಯಲ್ಲಿ ಯಜಮಾನರು ಜ್ವರದಿಂದ ಮಲಗಿದ್ದರು" ಎಂದಳು.

ನಾನು ಗಡಿಯಾರವನ್ನು ಜೇಬಿಗೆ ಸೇರಿಸಿದೆ.

ಉಪಾಧ್ಯಾಯರು, ವೈದ್ಯರು, ರೋಗಿಗಳು ಓಡಾಡುವುದು ಈ ವಿಮಾನದಲ್ಲಿಯೇ. ತೊಂಬತ್ತು ಜನರಿಗಾಗಿ ವಿಮಾನವೇಕೆಂದು ಲೆಕ್ಕ ಹಾಕುವವರು ಹಾಕಬಹುದು. ಆದರೆ ವೈದ್ಯನು ಬಾರದ, ಶಾಲೆ ನಡೆಯದ ಊರಿನಲ್ಲಿ ಜನ ಎಷ್ಟು ಕಾಲ ನಿಂತಾರು?

ಅಂದು ಸಂಜೆ ದ್ವೀಪದ ಪಡುವಣ ದಂಡೆಯಲ್ಲಿರುವ 'ನ್ಯಾಪ್ ಆಫ್ ಹೋವರ್' ಎಂಬ ಕಲ್ಲುಮನೆಗಳನ್ನು ನೋಡಿದೆ. ಐದು ಸಾವಿರ ವರ್ಷಗಳಿಗೂ ಹಿಂದಿನ ಒಕ್ಕಲು ಮನೆಗಳವು. ಅಕ್ಕಪಕ್ಕದ ಎರಡು ಕಟ್ಟಡಗಳು, ಒಂದರಿಂದ ಇನ್ನೊಂದಕ್ಕೆ ಹೋಗಲು ನಡುವೆ ತಗ್ಗಾದ ಒಂದು ಹಾದಿ. ತಲೆಬಾಗಿಸಿ ಒಳಹೊಕ್ಕಾಗ ಗಾಳಿಯ ಸದ್ದು ಥಟ್ಟನೆ ನಿಂತಿತು. ಈ ನೆಲದ ಮೇಲೆ ಅಂದೂ ಒಲೆ ಉರಿದಿತ್ತು. ಸ್ವಲ್ಪ ದೂರದಲ್ಲಿ, ಆ ವೃದ್ಧೆಯ ಮನೆಯ ಕಡೆ, ಇಂದೂ ಹೊಗೆ ಏಳುತ್ತಿತ್ತು.

ಊರಿಗೆ ಬಂದ ಮೇಲೆ ಮಿತ್ರರು ಎರಡು ನಿಮಿಷದ ವಿಮಾನದ ಕಥೆ ಹೇಳೆಂದರು. ನಾನು ಆ ಮೂರು ದಿನಗಳ ಕಥೆ ಹೇಳಿದೆ.