ಕಾರವಾನ್ ಹೊರಡುವ ಮುನ್ನ

ಉರ್ದು ಶಾಲೆಯಲ್ಲಿ ನಾವು ಕಲಿತ ಪದಗಳಲ್ಲಿ 'ಕಾರವಾನ್' ಕೂಡಾ ಒಂದು. ಪಾಠಪುಸ್ತಕದ ಚಿತ್ರದಲ್ಲಿ ಒಂಟೆಗಳ ಸಾಲು, ಮುಂದೊಬ್ಬ ರುಮಾಲು ಸುತ್ತಿದವ, ಹಿಂದೆಲ್ಲ ಮರಳು. ಮುಂದೆ ಕನ್ನಡ ಓದುವಾಗ ಅದೇ ಅರ್ಥಕ್ಕೆ 'ಸಾರ್ಥ' ಎಂಬ ಪದ ಸಿಕ್ಕಿತು. ನಮ್ಮ ಬಯಲುಸೀಮೆಯ ಹಿರಿಯರಿಗೆ ಇವೆರಡೂ ಬೇಕಿರಲಿಲ್ಲ. ಉಪ್ಪು, ದವಸ ಹೇರಿಕೊಂಡು ಊರೂರು ತಿರುಗುತ್ತಿದ್ದ ಲಂಬಾಣಿಗಳ ಹೇರೆತ್ತಿನ ಸಾಲು ಅವರಿಗೆ ಗೊತ್ತಿತ್ತು. ಫಾರಸಿಯ ಆ ಪದ ಇಂಗ್ಲಿಷಿಗೆ ಹೋಗಿ, ಈಗ ಆಸ್ಟ್ರೇಲಿಯಾದಲ್ಲಿ ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಚಕ್ರದ ಮನೆಗೆ ಹೆಸರಾಗಿ ನಿಂತಿದೆ. ಮಂಚ, ಒಲೆ, ಫ್ರಿಜ್, ನೀರಿನ ಟ್ಯಾಂಕು ಎಲ್ಲ ಅದರೊಳಗೇ. ಬರುವ ಜುಲೈನಲ್ಲಿ ಅಂಥದ್ದೊಂದನ್ನು ಎಳೆದುಕೊಂಡು ನಾವು ಆರು ಜನ ಆ ದೇಶದ ಒಳನಾಡಿಗೆ ಹೋಗುವುದೆಂದು ತೀರ್ಮಾನವಾಗಿದೆ.

ನಮ್ಮ ಆಪಾ ಅಡಿಲೇಡ್‌ನಲ್ಲಿ ನೆಲೆಸಿ 18 ವರ್ಷಗಳಾದವು. ಆಪಾ, ದುಲ್ಹಾಭಾಯಿ, ಅವರ 11 ವರ್ಷದ ಮಗಳು ಅಲ್ಲಿ. ಅಮ್ಮಿ ಮತ್ತು ನಾವಿಬ್ಬರು ಇಲ್ಲಿ. ಅಮ್ಮಿಗೆ 73. ಸಕ್ಕರೆ ಕಾಯಿಲೆ ಹಳೆಯದು, ದಿನಕ್ಕೆ ಎರಡು ಸಲ ಇನ್ಸುಲಿನ್. ಇದು ಅವರ ಕೊನೆಯ ದೊಡ್ಡ ಪ್ರಯಾಣ ಆಗಬಹುದು ಎಂದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ನಾಲ್ಕು ವಾರಗಳ ಯೋಜನೆಯ ಒಂದೊಂದು ಸಾಲೂ ಅದೇ ಮಾತನ್ನು ಸುತ್ತಿ ಬರುತ್ತದೆ.

ಪ್ರತಿ ಭಾನುವಾರ ಫೋನಿನಲ್ಲಿ ಸಭೆ ಸೇರುತ್ತೇವೆ. ಮೊದಲ ಸಭೆಯಲ್ಲೇ ಅಮ್ಮಿಗೆ ನಿರಾಸೆ ಕಾದಿತ್ತು. ಕಾರವಾನಿನಲ್ಲಿ ಮಂಚವಿದೆ ಎಂದು ಕೇಳಿದ್ದ ಅವರು, ದಾರಿಯುದ್ದಕ್ಕೂ ತಾವು ಆರಾಮಾಗಿ ಮಲಗಿಕೊಂಡು ಬರಬಹುದೆಂದು ಲೆಕ್ಕ ಹಾಕಿದ್ದರು. ಎಳೆಯುತ್ತಿರುವಾಗ ಕಾರವಾನಿನೊಳಗೆ ಯಾರೂ ಇರುವಂತಿಲ್ಲ, ಅದು ಅಲ್ಲಿನ ಕಾನೂನು. ಎಲ್ಲರೂ ಕಾರಿನಲ್ಲೇ ಬೆಲ್ಟು ಹಾಕಿ ಕೂರಬೇಕು. ಹೀಗಾಗಿ ದಿನಕ್ಕೆ ಎಷ್ಟು ದೂರ ಎಂಬ ಪ್ರಶ್ನೆಯನ್ನು ತೀರ್ಮಾನಿಸಿದ್ದು ಕಾರಲ್ಲ, ಅಮ್ಮಿಯ ಸೊಂಟ. ದುಲ್ಹಾಭಾಯಿ 500 ಕಿ.ಮೀ. ಎಂದರು, ಆಪಾ 250 ಎಂದರು, ಕೊನೆಗೆ 300ಕ್ಕೆ ನಿಂತಿತು. ಎರಡು ದಿನ ಓಡಿದರೆ ಒಂದು ದಿನ ಬಿಡುವು.

ದೂರವೆಂದರೆ ಸಾಮಾನ್ಯ ದೂರವಲ್ಲ. ಅಡಿಲೇಡ್‌ನಿಂದ ಆಲಿಸ್ ಸ್ಪ್ರಿಂಗ್ಸ್‌ಗೆ ಸುಮಾರು 1,500 ಕಿ.ಮೀ. ಬೀದರಿನಿಂದ ಚಾಮರಾಜನಗರಕ್ಕೆ ಹೋಗಿ ವಾಪಸು ಬರುವಷ್ಟಕ್ಕೆ ಸ್ವಲ್ಪ ಕಡಿಮೆ. ನಮ್ಮಲ್ಲಾದರೆ ಈ ದಾರಿಯಲ್ಲಿ ಎಷ್ಟು ಊರು, ಎಷ್ಟು ಸಂತೆ, ಎಷ್ಟು ಚಹಾದಂಗಡಿ! ಅಲ್ಲಿ ಗ್ಲೆಂಡಂಬೊ ಎಂಬ ಪುಟ್ಟ ನಿಲುಗಡೆ ಬಿಟ್ಟರೆ ಕೂಬರ್ ಪೀಡಿಯವರೆಗೆ ಸುಮಾರು 250 ಕಿ.ಮೀ. ಪೆಟ್ರೋಲೂ ಇಲ್ಲ, ಚಹಾವೂ ಇಲ್ಲ. ಕಾರವಾನ್ ಕಟ್ಟಿದ ಕಾರು ಒಂದೂವರೆ ಪಟ್ಟಿಗೂ ಹೆಚ್ಚು ಇಂಧನ ಕುಡಿಯುತ್ತದೆ. ಆದ್ದರಿಂದ ಟ್ಯಾಂಕು ಅರ್ಧವಿದ್ದರೂ ಬಂಕ್ ಕಂಡಲ್ಲೆಲ್ಲ ತುಂಬಿಸಿಕೊಳ್ಳಬೇಕು.

ಜುಲೈ ಆರಿಸಿಕೊಂಡದ್ದಕ್ಕೂ ಕಾರಣವಿದೆ. ಅದು ಅಲ್ಲಿ ಚಳಿಗಾಲ. ಹಗಲು ಹಿತವಾದ ಬಿಸಿಲು, ರಾತ್ರಿ ಮಾತ್ರ ಕೆಲವೆಡೆ ನೀರು ಹೆಪ್ಪುಗಟ್ಟುವಷ್ಟು ಥಂಡಿ. ಬೇಸಿಗೆಯಲ್ಲಿ ಆ ಕಡೆ ತಲೆ ಹಾಕುವ ಹಾಗಿಲ್ಲ. ಊಡ್ನಡಾಟಾ ಎಂಬಲ್ಲಿ 1960ರ ಜನವರಿ 2ರಂದು 50.7 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಕತ್ತಲಾದ ಮೇಲೆ ಓಡಿಸಬಾರದು ಎಂಬುದು ಇನ್ನೊಂದು ನಿಯಮ. ಕಾಂಗರೂ, ಎಮು, ಬೇಲಿಯಿಲ್ಲದ ದನಗಳು ರಸ್ತೆಗೆ ಬರುತ್ತವೆ. ಎದುರಿಗೆ 'ರೋಡ್ ಟ್ರೇನ್' ಎಂಬ ಲಾರಿಗಳು. ಮೂರು ನಾಲ್ಕು ಡಬ್ಬಿಗಳನ್ನು ಒಂದರ ಹಿಂದೊಂದು ಕಟ್ಟಿಕೊಂಡು 53.5 ಮೀಟರ್ ಉದ್ದದವರೆಗೂ ಇರುತ್ತವೆ. ಅದನ್ನು ದಾಟಿ ಹೋಗಬೇಕೆಂದರೆ ಮುಂದೆ ಬಲು ದೂರದವರೆಗೆ ರಸ್ತೆ ಖಾಲಿ ಕಾಣಬೇಕು. ಅದು ಎದುರಿಗೆ ಬಂದರೆ ಸ್ಟೇರಿಂಗ್ ಬಿಗಿಯಾಗಿ ಹಿಡಿದುಕೊಳ್ಳಬೇಕು, ಗಾಳಿಯ ಹೊಡೆತಕ್ಕೆ ಕಾರವಾನ್ ಓಲಾಡುತ್ತದೆ.

ತೂಕದ ವಿಷಯದಲ್ಲಿ ಮಾತ್ರ ಅಮ್ಮಿಯೇ ನಮಗೆಲ್ಲ ಗುರುವಾದರು. ನಾವು ಬಾಡಿಗೆಗೆ ಹಿಡಿದ ಕಾರವಾನ್ ಸಾಮಾನು ಸಮೇತ 2,500 ಕಿಲೋ ಮೀರುವಂತಿಲ್ಲ. ಒಟ್ಟು ತೂಕದ ಸುಮಾರು ಹತ್ತನೇ ಒಂದು ಭಾಗ ಮುಂದಿನ ಕೊಕ್ಕೆಯ ಮೇಲೆ ಕೂರಬೇಕು. ಭಾರ ಹಿಂದಕ್ಕೆ ಹೋದರೆ ವೇಗ ಹೆಚ್ಚಿದಂತೆ ಕಾರವಾನ್ ಹಾವಿನ ಹಾಗೆ ಹೊರಳಾಡಿ ಕಾರನ್ನೂ ಉರುಳಿಸಬಹುದು. ದುಲ್ಹಾಭಾಯಿ ಇದನ್ನು ಚಿತ್ರ ಬರೆದು ವಿವರಿಸುತ್ತಿದ್ದರೆ ಅಮ್ಮಿ ನಕ್ಕರು. ಅವರ ಅಬ್ಬಾ ಸಂತೆಗೆ ಗಾಡಿ ಕಟ್ಟುತ್ತಿದ್ದವರು. "ಹಿಂಭಾರವಾದರೆ ಮೂಕಿ ಮೇಲೆ ಏಳುತ್ತದೆ, ಮುಂಭಾರವಾದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ, ಇದಕ್ಕೆ ಚಿತ್ರ ಯಾಕೆ?" ಎಂದರು. ಭಾರದ ಸಾಮಾನು ಕೆಳಗೆ, ಅಚ್ಚಿನ ಮೇಲೆ. ಹಾಸಿಗೆ ಬಟ್ಟೆ ಮೇಲೆ. ಆ ದಿನದಿಂದ ಆಪಾಳ ಮಗಳು ಪಟ್ಟಿ ಬರೆಯುವವಳು, ನಾನಿ ತೂಕ ಹೇಳುವವರು. ಒಂದು ಲೀಟರ್ ನೀರಿಗೆ ಒಂದು ಕಿಲೋ. ಎರಡು ಸ್ಪೇರ್ ಟೈರು. ಹದಿನೈದು ಕಿಲೋ ಅಕ್ಕಿ. ಅಡಿಲೇಡ್‌ನಲ್ಲೇ ಕೊಂಡು ಹೆಪ್ಪುಗಟ್ಟಿಸಿಕೊಂಡು ಹೋಗುವ ಹಲಾಲ್ ಮಾಂಸ. ಆ ಹುಡುಗಿಗೆ ಕನ್ನಡ ಬಾರದು, ಮನೆಮಾತು ಅರ್ಧಂಬರ್ಧ. ಅಮ್ಮಿಗೆ ಇಂಗ್ಲಿಷ್ ಬಾರದು. ಆದರೂ ಕಿಲೋ, ಲೀಟರುಗಳ ಭಾಷೆಯಲ್ಲಿ ಇಬ್ಬರೂ ಗಂಟೆಗಟ್ಟಲೆ ಮಾತಾಡುತ್ತಾರೆ. ಈ ಪ್ರಯಾಣದಿಂದ ನಮಗೆ ಸಿಕ್ಕ ಮೊದಲ ಲಾಭ ಅದು.

ಇಷ್ಟೆಲ್ಲ ಆದ ಮೇಲೂ ನಿದ್ದೆಗೆಡಿಸಿದ್ದು ಇನ್ಸುಲಿನ್. ಬಿಸಿಯಾದರೂ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ದಾಸ್ತಾನನ್ನು 2ರಿಂದ 8 ಡಿಗ್ರಿಯೊಳಗೆ ಇಡಬೇಕು. ಅರ್ಧ ಕಾರವಾನಿನ ಫ್ರಿಜ್‌ನಲ್ಲಿ, ಅರ್ಧ ಕಾರಿನ ಪುಟ್ಟ ಫ್ರಿಜ್‌ನಲ್ಲಿ ಎಂದು ಹಂಚಿದ್ದೇವೆ. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು. ಮೊಬೈಲ್ ಸಿಗ್ನಲ್ ಊರುಗಳ ಆಸುಪಾಸಿನಲ್ಲಷ್ಟೆ. ಹಾಗಾಗಿ ಉಪಗ್ರಹ ಫೋನೊಂದು, ಗುಂಡಿ ಒತ್ತಿದರೆ ನಾವಿರುವ ಜಾಗವನ್ನು ರಕ್ಷಣಾ ತಂಡಕ್ಕೆ ತಿಳಿಸುವ ಉಪಕರಣವೊಂದು ಬಾಡಿಗೆಗೆ ಗೊತ್ತುಪಡಿಸಿದ್ದಾಯಿತು. ಆ ಒಳನಾಡಿನಲ್ಲಿ ವೈದ್ಯರು ವಿಮಾನದಲ್ಲೇ ಬರುತ್ತಾರೆ. ಪಾದ್ರಿ ಜಾನ್ ಫ್ಲಿನ್ 1928ರಲ್ಲಿ ಆರಂಭಿಸಿದ ಆ ಸೇವೆ ಇಂದಿಗೂ ನಡೆಯುತ್ತಿದೆ. ಕಾರು ಕೆಟ್ಟರೆ ಯಾವ ಕಾರಣಕ್ಕೂ ಅದನ್ನು ಬಿಟ್ಟು ನಡೆದು ಹೋಗಬಾರದು ಎಂಬ ಎಚ್ಚರಿಕೆಯನ್ನು ಎಲ್ಲರೂ ಬಾಯಿಪಾಠ ಮಾಡಿದ್ದೇವೆ. ವಿಮಾನದಿಂದ ಹುಡುಕುವವರಿಗೆ ಮನುಷ್ಯನಿಗಿಂತ ಕಾರು ಬೇಗ ಕಾಣುತ್ತದೆ. ಇದನ್ನೆಲ್ಲ ಕೇಳಿ ಅಮ್ಮಿ ಹೇಳಿದ್ದು ಒಂದೇ ಮಾತು: "ಮೌತ್ ಕೋ ಸಿಗ್ನಲ್ ನಕೋ ಬೇಟಾ." ಸಾವಿಗೆ ಸಿಗ್ನಲ್ ಬೇಕಿಲ್ಲ, ನಿಜ. ಆದರೆ ಬದುಕಿಸಿಕೊಳ್ಳುವುದಕ್ಕೆ ಬೇಕಲ್ಲ ಎಂದು ನಾವು ವಾದಿಸಿದೆವು. ಅಮ್ಮಿ ತಮ್ಮ ಬೇಡಿಕೆಯೊಂದನ್ನು ಮುಂದಿಟ್ಟರು. ನಿಜವಾದ ಜಗಳ ಶುರುವಾದದ್ದು ಅಲ್ಲಿಂದ.

ಅವರಿಗೆ ಮರ್ರೀ ನೋಡಬೇಕಿತ್ತು. ಅಡಿಲೇಡ್‌ನಿಂದ ಉತ್ತರಕ್ಕೆ 600 ಕಿ.ಮೀ.ಗೂ ಆಚೆ ಇರುವ ಸಣ್ಣ ಊರು. ಅದರ ಕಥೆಯನ್ನು ಅವರಿಗೆ ಹೇಳಿದವಳು ಮೊಮ್ಮಗಳು, ಶಾಲೆಯ ಪಾಠದಿಂದ. 1860ರಲ್ಲಿ ಬರ್ಕ್ ಮತ್ತು ವಿಲ್ಸ್ ಎಂಬ ಅನ್ವೇಷಕರ ತಂಡಕ್ಕಾಗಿ ಕರಾಚಿಯಿಂದ 24 ಒಂಟೆಗಳು ಹಡಗಿನಲ್ಲಿ ಬಂದವು, ಜೊತೆಗೆ ಅವುಗಳನ್ನು ನಡೆಸುವವರೂ. 1866ರಲ್ಲಿ ಥಾಮಸ್ ಎಲ್ಡರ್ ಎಂಬ ಉದ್ಯಮಿ ನೂರಕ್ಕೂ ಹೆಚ್ಚು ಒಂಟೆಗಳನ್ನು ತರಿಸಿದ. ಅಡಿಲೇಡ್‌ನಿಂದ ಡಾರ್ವಿನ್‌ವರೆಗೆ 1872ರಲ್ಲಿ ಮುಗಿದ ತಂತಿ ಮಾರ್ಗಕ್ಕೆ, ಗಣಿಗಳಿಗೆ, ಕುರಿ ದೊಡ್ಡಿಗಳಿಗೆ ಸಾಮಾನು ಹೊತ್ತದ್ದು ಆ ಒಂಟೆಗಳು. ನಡೆಸುವವರು ಬಲೂಚಿಗಳು, ಪಠಾಣರು, ಪಂಜಾಬಿಗಳು, ಸಿಂಧಿಗಳು. ಅಲ್ಲಿನವರು ಅವರನ್ನೆಲ್ಲ 'ಅಫ್ಘನ್' ಎಂದು ಒಂದೇ ಹೆಸರಿನಲ್ಲಿ ಕರೆದರು. ಬಾಯಿಗೆ ಸುಲಭವಾಗಲೆಂದು 'ಘಾನ್' ಆಯಿತು. ಆ ದಾರಿಯ ರೈಲಿಗೆ ಇಂದೂ ಅದೇ ಹೆಸರು. ನಮ್ಮೂರಲ್ಲೇ ಹುಟ್ಟಿ ಬೆಳೆದ ನಮ್ಮನ್ನು "ನಿಮಗೆ ಇಷ್ಟು ಚೆನ್ನಾಗಿ ಕನ್ನಡ ಹೇಗೆ ಬರುತ್ತದೆ?" ಎಂದು ಕೇಳುವವರು ಈಗಲೂ ಸಿಗುತ್ತಾರೆ. ಹಲವರನ್ನು ಒಂದೇ ಹೆಸರಿನ ಗೋಣಿಗೆ ತುಂಬುವುದು ಹೇಗೆಂದು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಮರ್ರೀಯಲ್ಲಿ ಅವರು 1880ರ ದಶಕದಲ್ಲಿ ಮಣ್ಣಿನ ಗೋಡೆಯ ಮಸೀದಿ ಕಟ್ಟಿಕೊಂಡರು. ಈಗ ಅಲ್ಲಿರುವುದು ಅದರ ಮಾದರಿ ಮಾತ್ರ. ರೈಲು ಹಳಿಯ ಒಂದು ಬದಿ ಬಿಳಿಯರು, ಇನ್ನೊಂದು ಬದಿ ಒಂಟೆಯವರು ಮತ್ತು ಮೂಲನಿವಾಸಿಗಳು. 1901ರ ವಲಸೆ ನಿರ್ಬಂಧ ಕಾಯ್ದೆ ಬಂದ ಮೇಲೆ ಊರಿನಿಂದ ಹೆಂಡತಿ ಮಕ್ಕಳನ್ನು ಕರೆತರುವುದು ಬಹುತೇಕ ಅಸಾಧ್ಯವಾಯಿತು. ಹಲವರು ಮೂಲನಿವಾಸಿ ಹೆಣ್ಣುಮಕ್ಕಳನ್ನು ಮದುವೆಯಾದರು. ಅವರ ವಂಶದವರು ಇಂದೂ ಅಲ್ಲಿದ್ದಾರೆ. ಮರಳಿ ಹೋಗಲಾರದೆ ಒಂಟಿಯಾಗಿ ಸತ್ತವರೂ ಇದ್ದರು. ಲಾರಿ ಬಂದ ಮೇಲೆ ಒಂಟೆಗಳಿಗೆ ಕೆಲಸವಿಲ್ಲದೆ ಅವನ್ನು ಬಯಲಿಗೆ ಬಿಟ್ಟುಬಿಟ್ಟರು. ಈಗ ಒಳನಾಡಿನಲ್ಲಿ ಕಾಡೊಂಟೆಗಳ ಹಿಂಡೇ ಇದೆ.

ಬ್ರೋಕನ್ ಹಿಲ್ ಎಂಬ ಗಣಿ ಊರಿನ ತಗಡಿನ ಮಸೀದಿಯಲ್ಲಿ ಒಂದು ಹಳೆಯ ದಪ್ಪ ಪುಸ್ತಕವಿತ್ತು. ಬಹುಕಾಲ ಎಲ್ಲರೂ ಅದನ್ನು ಕುರ್‌ಆನ್ ಎಂದೇ ನಂಬಿದ್ದರು. ಇತಿಹಾಸಕಾರ್ತಿ ಸಾಮಿಯಾ ಖಾತೂನ್ ತೆರೆದು ನೋಡಿದಾಗ ಅದು ಬಂಗಾಳಿಯಲ್ಲಿ ಅಚ್ಚಾದ ಪ್ರವಾದಿಗಳ ಕಥೆಗಳ ಪದ್ಯಗ್ರಂಥ. 2018ರ ತಮ್ಮ 'ಆಸ್ಟ್ರೇಲಿಯಾನಾಮಾ'ದಲ್ಲಿ ಅವರು ಈ ಸಂಗತಿಯನ್ನು ಬರೆದಿದ್ದಾರೆ. ಅಷ್ಟು ದೂರದ ಮರುಭೂಮಿಗೆ ಯಾರೋ ತಮ್ಮ ಮಾತೃಭಾಷೆಯನ್ನು ಹೊತ್ತು ಹೋಗಿದ್ದರು. ಅದನ್ನು ಓದಬಲ್ಲವರು ಬರಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಎರಡು ಲಿಪಿಗಳ ನಡುವೆ ಬೆಳೆದ ನಮಗೆ ಈ ಕಥೆ ಕೇಳಿ ಸಂಕಟವಾಯಿತು. ಆಪಾಳ ಮಗಳು ಬೆಳೆದ ಮೇಲೆ ನಮ್ಮ ಮನೆಯ ಪುಸ್ತಕಗಳನ್ನು ಏನೆಂದು ತಿಳಿದಾಳು?

"ಅವರ ಖಬರ್ ಮುಂದೆ ನಿಂತು ಫಾತಿಹಾ ಓದಬೇಕು, ಅವರ ಪರವಾಗಿ ಊರಿನಿಂದ ಯಾರು ಹೋಗಿದ್ದಾರೆ?" ಎಂದು ಅಮ್ಮಿ ಪಟ್ಟು ಹಿಡಿದರು. ದುಲ್ಹಾಭಾಯಿಗೆ ಇದರಿಂದ ಖುಷಿಯೇ ಆಯಿತು. ಮರ್ರೀಯಿಂದ ಮುಂದಕ್ಕೆ ಸುಮಾರು 620 ಕಿ.ಮೀ. ಊಡ್ನಡಾಟಾ ಕಚ್ಚಾ ರಸ್ತೆಯಲ್ಲಿ ನೇರ ಉತ್ತರಕ್ಕೆ ಹೋಗಿಬಿಡುವುದು ಅವರ ಬಹುದಿನದ ಕನಸು. ಹಳೆಯ ಒಂಟೆ ದಾರಿ, ಹಳೆಯ ಘಾನ್ ರೈಲಿನ ದಾರಿ. ಅದಕ್ಕೂ ಮೊದಲು ನೀರಿನ ಬುಗ್ಗೆಗಳ ಗುರುತು ಹಿಡಿದು ಮೂಲನಿವಾಸಿಗಳು ಓಡಾಡಿದ ದಾರಿ. ಆಪಾ ಒಪ್ಪಲಿಲ್ಲ. ಮಳೆ ಬಂದರೆ ಆ ರಸ್ತೆಯನ್ನು ಮುಚ್ಚುತ್ತಾರೆ. ಮುಚ್ಚಿದ ರಸ್ತೆಗೆ ಇಳಿದರೆ ದಂಡ. ಕೆಸರಿನಲ್ಲಿ ಮೂರು ದಿನ ಸಿಕ್ಕಿಬಿದ್ದರೆ ಅಮ್ಮಿಯ ಗತಿ? ಮೂರು ಭಾನುವಾರ ಇದೇ ಮಾತು. ಒಂದು ವಾರ ಗಂಡ ಹೆಂಡಿರಿಬ್ಬರೂ ಬೇರೆ ಬೇರೆ ಕೋಣೆಯಿಂದ ಸಭೆಗೆ ಹಾಜರಾದರು.

ಬಾಡಿಗೆ ಕರಾರನ್ನು ಕೂತು ಓದಿದಾಗ ದಾರಿ ಸಿಕ್ಕಿತು. ಕಾರವಾನನ್ನು ಕಚ್ಚಾ ರಸ್ತೆಗೆ ಇಳಿಸುವಂತಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿದೆ. ಆದರೆ ಕಾರು ದುಲ್ಹಾಭಾಯಿಯದೇ. ಮರ್ರೀಗಿಂತ ನೂರು ಚಿಲ್ಲರೆ ಕಿ.ಮೀ. ಹಿಂದೆ ಕಾಪ್ಲೀ ಎಂಬಲ್ಲಿ ಕಾರವಾನ್ ನಿಲ್ಲಿಸಿ, ಬೆಳಗಾಗುತ್ತಲೇ ಬರೀ ಕಾರಿನಲ್ಲಿ ಮರ್ರೀಗೆ ಹೋಗಿ, ಬೆಳಕಿರುವಾಗಲೇ ಮರಳುವುದು. ಮಳೆಯ ಸೂಚನೆಯಿದ್ದರೆ ಹೋಗುವುದೇ ಇಲ್ಲ ಎಂದು ಅಮ್ಮಿಯಿಂದ ಮಾತು ಪಡೆದಿದ್ದೇವೆ. ಆಮೇಲೆ ಪೋರ್ಟ್ ಅಗಸ್ಟಾಕ್ಕೆ ವಾಪಸು ಬಂದು ಡಾಂಬರಿನ ಸ್ಟುವರ್ಟ್ ಹೆದ್ದಾರಿ ಹಿಡಿದು, ನೆಲದಡಿ ಮನೆ ಮಾಡಿಕೊಂಡು ಜನ ಬದುಕುವ ಕೂಬರ್ ಪೀಡಿ, ಅಲ್ಲಿಂದ ಊಲೂರು. ಆ ಕೆಂಪು ಬಂಡೆಯನ್ನು ಅದರ ಒಡೆಯರಾದ ಅನಂಗು ಜನರಿಗೆ 1985ರಲ್ಲಿ ಹಿಂತಿರುಗಿಸಲಾಯಿತು. ಅವರ ಇಚ್ಛೆಯಂತೆ 2019ರ ಅಕ್ಟೋಬರಿನಿಂದ ಅದನ್ನು ಹತ್ತುವುದು ನಿಷಿದ್ಧ. ಸುತ್ತ ನಡೆದು ನೋಡಬಹುದು. ಹತ್ತುವಂತಿಲ್ಲ ಎಂದು ತಿಳಿದು ಅಮ್ಮಿಗೆ ಸಮಾಧಾನ. ತಾವೊಬ್ಬರೇ ಕೆಳಗೆ ಕೂರಬೇಕಾಗಿಲ್ಲ.

ಊಡ್ನಡಾಟಾ ರಸ್ತೆ ತಪ್ಪಿತೆಂದು ದುಲ್ಹಾಭಾಯಿ ಇನ್ನೂ ಮುನಿಸಿನಲ್ಲಿದ್ದಾರೆ. ವಿಮೆಯ ಕಂಪನಿಯಿಂದ ಅಮ್ಮಿಯ ಕಾಯಿಲೆಯ ಬಗ್ಗೆ ಉತ್ತರ ಬಂದಿಲ್ಲ. ಅದು ಬಾರದೆ ಟಿಕೆಟ್ ಕೊಳ್ಳಬಾರದೆಂದು ಎಲ್ಲರೂ ಒಪ್ಪಿದ್ದೇವೆ. ಕಳೆದ ಭಾನುವಾರ ಅಮ್ಮಿ ಖಬರ್‌ಗಳಿಗೆ ಗುಲಾಬಿ ಒಯ್ಯುವ ಮಾತೆತ್ತಿದರು. ಇಲ್ಲಿಂದ ಹೂವು ಹಿಡಿದು ಹೋದರೆ ಆ ದೇಶದ ವಿಮಾನ ನಿಲ್ದಾಣದಲ್ಲಿ ಬಿಡುವುದು ಕಷ್ಟ, ಅಡಿಲೇಡ್‌ನಲ್ಲೇ ಕೊಳ್ಳೋಣ ಎಂದಳು ಆಪಾ. ಹೂವು ಯಾಕೆ, ದುವಾ ಸಾಕಲ್ಲವೇ ಎಂದರು ದುಲ್ಹಾಭಾಯಿ. "ದುವಾ ಅವರಿಗೆ, ಹೂವು ನನ್ನ ಸಮಾಧಾನಕ್ಕೆ" ಎಂದರು ಅಮ್ಮಿ. ಅಷ್ಟರಲ್ಲಿ ಪಟ್ಟಿ ಹಿಡಿದು ಕೂತಿದ್ದ ಹುಡುಗಿ ತನಗೆ ಬರುವ ಅಷ್ಟಿಷ್ಟು ಮನೆಮಾತಿನಲ್ಲಿ ಕೇಳಿದಳು: "ನಾನಿ, ಫೂಲ್ ಕಿತ್ತೇ ಕಿಲೋ?" ಅಮ್ಮಿ ಯೋಚಿಸಿ, ಅರ್ಧ ಕಿಲೋ ಬರೆದುಕೋ ಎಂದರು. ಅವಳು ಬರೆದುಕೊಂಡಳು.